ಅಜ್ಜನಿಗೆ ಗೊತ್ತಿಲ್ಲ ಅನ್ನುವುದು ಮೊಮ್ಮಗನಿಗೆ ಗೊತ್ತಿತ್ತೇ?

ಮಕ್ಕಳ ಮನಸ್ಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನನ್ನ ಮಗನಿಗೆ ನಾಲ್ಕು ವರ್ಷ ಎಂಟು ತಿಂಗಳು. ತುಂಬಾ ಚುರುಕು. ಹತ್ತರವರೆಗೆ ಮಗ್ಗಿ ಹೇಳುತ್ತಾನೆ. ಅಕ್ಷರ ಎಲ್ಲಾ ಗೊತ್ತು. ಅರವತ್ತು ತುಂಡಿನ ಚಿತ್ರವನ್ನು ಒಬ್ಬನೇ ಕೂತು ಜೋಡಿಸುತ್ತಾನೆ. ಹೋದ ತಿಂಗಳು ನಮ್ಮ ಮಾವನವರ ತಂಗಿ ಗದಗಿನಿಂದ ಬರಬೇಕಿತ್ತು. ಮಾವ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಅವರು ಬರುವುದಿಲ್ಲ ಅಂತ ನನಗೆ ಫೋನ್ ಬಂತು. ಮಾವನಿಗೆ ಹೇಗೆ ಹೇಳೋದು ಅಂತ ನಾನೂ ಅತ್ತೆಯೂ ಅಡುಗೆಮನೆಯಲ್ಲಿ ಮಾತಾಡುತ್ತಿದ್ದೆವು. ಮಗ ಕೇಳಿಸಿಕೊಂಡ. ಹೊರಗೆ ಹೋಗಿ, ಖುಷಿಯಾಗಿ ಕೂತಿದ್ದ ಅಜ್ಜನಿಗೆ "ಅಜ್ಜ, ನಿಂಗೆ ಬೇಜಾರಾಗಿದೆ ಅಲ್ವಾ? ಅಳಬೇಡ" ಅಂದ. ಮಾವ "ನನಗ್ಯಾಕೋ ಬೇಜಾರು?" ಅಂತ ನಕ್ಕರು. ಇವನೂ ನಕ್ಕ. ಆಮೇಲೆ ವಿಷಯ ತಿಳಿದು ಮಾವ ಮಾತಾಡದೆ ಒಳಗೆ ಹೋಗಿ ಮಲಗಿದರು. ಇವನು ಹಿಂದೆಯೇ ಹೋಗಿ "ಗದಗದ ಅಜ್ಜಿಗೆ ಇಟ್ಟಿದ್ದ ಶೇಂಗಾ ಉಂಡೆ ನಂಗೆ ಕೊಡ್ತೀಯಾ?" ಅಂದ. ಮನೆಯಲ್ಲಿ ಎಲ್ಲರೂ "ಇವನಿಗೆ ತಲೆ ಇದೆ, ಕರುಳಿಲ್ಲ" ಅನ್ನುತ್ತಿದ್ದಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಇಷ್ಟು ಬುದ್ಧಿ ಇರುವ ಮಗುವಿಗೆ ಇನ್ನೊಬ್ಬರ ನೋವು ಯಾಕೆ ಅರ್ಥವಾಗುವುದಿಲ್ಲ?
ಒಬ್ಬ ತಾಯಿ, ದಾವಣಗೆರೆ

ಉತ್ತರ: ನೋಡಮ್ಮ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರೂ ಸಲ ಒಂದೇ ಮಾತಿನ ಹತ್ತಿರ ನಿಂತೆ. "ಅಳಬೇಡ" ಅಂದನಲ್ಲ ನಿಮ್ಮ ಮಗ, ಅಲ್ಲಿ. ತಂಗಿ ಬರದಿದ್ದರೆ ಅಜ್ಜನಿಗೆ ನೋವಾಗುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ತಾನೇ ಊಹಿಸಿದ. ಸಮಾಧಾನ ಮಾಡಬೇಕು ಅಂತ ತಾನೇ ಎದ್ದು ಹೋದ. ಕರುಳಿಲ್ಲದ ಮಗು ಹೀಗೆ ಮಾಡುವುದಿಲ್ಲ. ಈ ಮಾತನ್ನು ಮೊದಲು ಮನೆಯವರಿಗೆ ಓದಿ ಹೇಳಿ. ದಯವಿಟ್ಟು ಅವನ ಕಿವಿಗೆ ಬೀಳುವ ಹಾಗೆ ಆ "ಕರುಳಿಲ್ಲ" ಅನ್ನುವ ಮಾತು ಇನ್ನೊಮ್ಮೆ ಬೇಡ.

ಅವನು ಎಡವಿದ್ದು ಒಂದು ಕಡೆ ಮಾತ್ರ. ಅಜ್ಜಿ ಬರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅದು ಅಜ್ಜನಿಗೆ ಗೊತ್ತಿಲ್ಲ ಅನ್ನುವುದು ಅವನ ಲೆಕ್ಕಕ್ಕೆ ಬರಲಿಲ್ಲ.

ಮಗ್ಗಿ ಬರುವ ಮಗುವಿಗೆ ಇಷ್ಟು ಯಾಕೆ ಬರಲಿಲ್ಲ ಅಂತ ನೀವು ಕೇಳುತ್ತೀರಿ. ಏಳೆಂಟ್ಲಿ ಐವತ್ತಾರು. ಅದು ನಿಮ್ಮ ಮಗನಿಗೂ ಐವತ್ತಾರು, ಅಜ್ಜನಿಗೂ ಐವತ್ತಾರು, ಗದಗಿನಲ್ಲೂ ಐವತ್ತಾರು. ಆದರೆ ಆ ದಿನ ಮಧ್ಯಾಹ್ನ ಒಂದು ಗಂಟೆಗೆ "ಗದಗದ ಅಜ್ಜಿ ಬರ್ತಾರಾ?" ಅನ್ನುವ ಪ್ರಶ್ನೆಗೆ ನಿಮ್ಮ ಒಂದೇ ಮನೆಯಲ್ಲಿ ಎರಡು ಉತ್ತರ ಇತ್ತು. ಅಡುಗೆಮನೆಯಲ್ಲಿ ಒಂದು, ಜಗಲಿಯಲ್ಲಿ ಒಂದು. ಎರಡನ್ನೂ ತಲೆಯಲ್ಲಿ ಒಟ್ಟಿಗೆ ಇಟ್ಟುಕೊಳ್ಳಬೇಕು. ತನಗೆ ಗೊತ್ತಿರುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಸಬೇಕು. ಅಜ್ಜನ ತಲೆಯೊಳಗೆ ಏನಿದೆ ಅಂತ ನೋಡಬೇಕು. ಆಮೇಲೆ, ಹಾಗೆ ನಂಬಿಕೊಂಡಿರುವ ಮನುಷ್ಯನಿಗೆ ಈಗ ಹೇಗನ್ನಿಸುತ್ತಿರಬಹುದು ಅಂತ ಯೋಚಿಸಬೇಕು. ಎಷ್ಟು ಹೆಜ್ಜೆ ಆಯಿತು ನೋಡಿ! ಬಾಯಿಪಾಠಕ್ಕಿಂತ ಇದು ಎಷ್ಟೋ ಕಷ್ಟದ ಕೆಲಸ.

ಪಾಲ್ ಹ್ಯಾರಿಸ್ ಅನ್ನುವ ಮನಶ್ಶಾಸ್ತ್ರಜ್ಞರು ತಮ್ಮ ಜೊತೆಯವರೊಂದಿಗೆ 1989ರಲ್ಲಿ ಮಕ್ಕಳಿಗೆ ಒಂದು ಆಟದ ಕಥೆ ಹೇಳಿದ್ದರು. ಒಂದು ಆನೆ. ಅದಕ್ಕೆ ಕೋಕ್ ಬಿಟ್ಟರೆ ಬೇರೆ ಏನೂ ಇಷ್ಟವಿಲ್ಲ. ಅದು ಹೊರಗೆ ಹೋದಾಗ ಕೀಟಲೆ ಕೋತಿಯೊಂದು ಕ್ಯಾನ್‌ನಲ್ಲಿದ್ದ ಕೋಕ್ ಚೆಲ್ಲಿ ಹಾಲು ತುಂಬಿಸಿಡುತ್ತದೆ. ಆನೆ ಬಾಯಾರಿ ಬರುತ್ತದೆ, ಕ್ಯಾನ್ ನೋಡುತ್ತದೆ. ಇನ್ನೂ ಕುಡಿದಿಲ್ಲ. ಈಗ ಆನೆಗೆ ಹೇಗನ್ನಿಸುತ್ತಿದೆ? ಆರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು "ಖುಷಿ" ಅಂದರು. ಕೋಕ್ ಇದೆ ಅಂತ ಅದು ಅಂದುಕೊಂಡಿದೆಯಲ್ಲ! ನಾಲ್ಕು ವರ್ಷದವರಲ್ಲಿ ಹೆಚ್ಚಿನವರು "ಬೇಜಾರು" ಅಂದರು. ಒಳಗೆ ಹಾಲಿರುವುದು ಅವರಿಗೆ ಗೊತ್ತು, ಹಾಗಾಗಿ ಆನೆಗೆ ಬೇಜಾರು. ನಿಮ್ಮ ಜಗಲಿಯಲ್ಲಿ ಆದದ್ದು ಇದೇ ಅಲ್ವಾ?

ಇದಕ್ಕೆ ಆರು ವರ್ಷ ಮೊದಲು, 1983ರಲ್ಲಿ, ಆಸ್ಟ್ರಿಯಾದ ಹೈನ್ಸ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ ಇನ್ನೂ ಸರಳವಾದ ಕಥೆ ಕೇಳಿದ್ದರು. ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಹಾಕುತ್ತಾಳೆ. ವಾಪಸ್ ಬಂದವನು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಪುಟಾಣಿಗಳು ಚಾಕೊಲೇಟ್ ನಿಜವಾಗಿ ಇರುವ ಕಪಾಟನ್ನೇ ತೋರಿಸುತ್ತಾರೆ. ನಾಲ್ಕು, ಐದು ದಾಟುತ್ತಾ ಇದು ಸರಿಹೋಗುತ್ತದೆ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಇವೆರಡರ ನಡುವಿನ ಅಂತರ. ಇನ್ನೊಬ್ಬರು ಏನು ಅಂದುಕೊಂಡಿದ್ದಾರೆ ಅಂತ ಮಗು ಸರಿಯಾಗಿ ಹೇಳಲು ಕಲಿತ ಮೇಲೂ, ಅವರಿಗೆ ಹೇಗನ್ನಿಸುತ್ತಿದೆ ಅಂತ ಹೇಳಲು ಇನ್ನೂ ಒಂದೆರಡು ವರ್ಷ ತಡವರಿಸುತ್ತದೆ. ಫ್ರಾನ್ಸಿನ ಸಂಶೋಧಕರು 1999ರಲ್ಲಿ ಕೆಂಪು ಟೋಪಿಯ ಹುಡುಗಿಯ ಕಥೆ ಇಟ್ಟುಕೊಂಡು ಇದನ್ನು ನೋಡಿದರು. ಆ ಕಥೆಯಲ್ಲಿ ಹುಡುಗಿ ಅಜ್ಜಿಯನ್ನು ನೋಡಲು ಹೋಗುತ್ತಾಳೆ, ಆದರೆ ಅಜ್ಜಿಯ ಹಾಸಿಗೆಯಲ್ಲಿ ಅಜ್ಜಿಯ ವೇಷದ ತೋಳ ಮಲಗಿರುತ್ತದೆ. ಹಾಸಿಗೆಯಲ್ಲಿ ಮಲಗಿರುವುದು ಅಜ್ಜಿ ಅಂತಲೇ ಹುಡುಗಿ ಅಂದುಕೊಂಡಿದ್ದಾಳೆ ಅಂತ ಮಕ್ಕಳು ಸರಿಯಾಗಿ ಹೇಳಿದರು. ಮತ್ತೆ, ಅವಳಿಗೆ ಈಗ ಹೇಗನ್ನಿಸುತ್ತಿದೆ ಅಂದರೆ? "ಹೆದರಿಕೆ!" ತೋಳ ಇರುವುದು ಕೇಳುವ ಮಗುವಿಗೆ ಗೊತ್ತಲ್ಲ, ಆ ಹೆದರಿಕೆ ಹುಡುಗಿಯ ಮೇಲೆ ಹೋಗಿ ಕೂತುಕೊಳ್ಳುತ್ತದೆ. ತಿಳಿದದ್ದನ್ನು ಪಕ್ಕಕ್ಕಿಡಬಹುದು. ಅದರಿಂದ ತನ್ನೊಳಗೆ ಎದ್ದ ಭಾವವನ್ನು ಪಕ್ಕಕ್ಕಿಡುವುದು ಇನ್ನೂ ಕಷ್ಟ. ದೊಡ್ಡವರಾದ ನಮಗೇ ಎಷ್ಟೋ ಸಲ ಆಗುವುದಿಲ್ಲ.

ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಮೊದಲ ವರ್ಷಗಳಲ್ಲಿ ನನಗೆ ಇದೇನೂ ಗೊತ್ತಿರಲಿಲ್ಲ. ಒಂದನೇ ತರಗತಿಯಲ್ಲಿ ಒಂದು ಹುಡುಗಿಯ ಸ್ಲೇಟು ಬಿದ್ದು ಒಡೆಯಿತು. ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಪಕ್ಕದ ಹುಡುಗ ಕೈ ತಟ್ಟಿ ನಕ್ಕ. ನನಗೆ ಸಿಟ್ಟು ನೆತ್ತಿಗೇರಿತು. ಅವನನ್ನು ಮಧ್ಯಾಹ್ನದವರೆಗೆ ಹೊರಗೆ ನಿಲ್ಲಿಸಿದೆ. ಊಟದ ಹೊತ್ತಿಗೆ ಅವನ ಅಕ್ಕ ಬಂದು ಹೇಳಿದಳು: "ಟೀಚರ್, ಬೀರುವಿನಲ್ಲಿ ಹೊಸ ಸ್ಲೇಟು ಇರೋದನ್ನ ಅವನು ನೋಡಿದ್ದನಂತೆ. ಅವಳಿಗೆ ಹೊಸದು ಸಿಗುತ್ತೆ ಅಂತ ಖುಷಿಪಟ್ಟನಂತೆ." ಬೀರುವಿನಲ್ಲಿ ಏನಿದೆ ಅಂತ ಆ ಹುಡುಗಿಗೆ ಗೊತ್ತಿಲ್ಲ ಅನ್ನುವುದು ಅವನಿಗೆ ಹೊಳೆದಿರಲಿಲ್ಲ, ಅಷ್ಟೇ. ಅವನ ನಗುವಿನ ಒಳಗೆ ಏನಿದೆ ಅಂತ ನಾನೂ ಕೇಳಲಿಲ್ಲ. ಆ ಮಗು ಬಿಸಿಲಲ್ಲಿ ನಿಂತದ್ದು ನನಗೆ ಇವತ್ತಿಗೂ ಸಂಕಟ.

ಈಗ ಶೇಂಗಾ ಉಂಡೆಯ ವಿಷಯ. ಅಜ್ಜ ಮಲಗಿದಾಗ ಉಂಡೆ ಕೇಳಿದ್ದು ನಿಮಗೆ ಜಾಸ್ತಿ ನೋವು ಕೊಟ್ಟಿದೆ. ಅದಕ್ಕೆ ಕಾರಣ, ತಡೆಹಿಡಿಯುವ ಶಕ್ತಿ ಅವನಲ್ಲಿ ಇನ್ನೂ ಬಲಿತಿಲ್ಲ. ಬಾಯಿಗೆ ಬಂದದ್ದನ್ನು ನಿಲ್ಲಿಸುವುದು, ಕೈ ಚಾಚುವ ಮೊದಲು ಒಂದು ಕ್ಷಣ ತಡೆಯುವುದು. ಈ ಶಕ್ತಿ ಮೂರೂವರೆಯಿಂದ ಏಳು ವರ್ಷದ ನಡುವೆ ತುಂಬಾ ಬೆಳೆಯುತ್ತದೆ. ಸೂರ್ಯನ ಚಿತ್ರ ತೋರಿಸಿದರೆ "ರಾತ್ರಿ" ಅನ್ನಬೇಕು, ಚಂದ್ರನ ಚಿತ್ರಕ್ಕೆ "ಹಗಲು" ಅನ್ನಬೇಕು. ಸಂಶೋಧಕರು ಇದನ್ನು ಹೀಗೂ ಅಳೆಯುತ್ತಾರೆ. ಇಂಥ ಆಟಗಳಲ್ಲಿ ತಡೆದುಕೊಳ್ಳಬಲ್ಲ ಮಕ್ಕಳು ಚಾಕೊಲೇಟಿನಂಥ ಕಥೆಗಳಲ್ಲೂ ಚೆನ್ನಾಗಿ ಉತ್ತರಿಸುವುದು ಕಂಡುಬಂದಿದೆ. ನಮ್ಮಲ್ಲಿ "ಕಾಗೆ ಹಾರಿತು, ಗುಬ್ಬಿ ಹಾರಿತು, ಎಮ್ಮೆ ಹಾರಿತು" ಅಂತ ಆಡುತ್ತೇವಲ್ಲ, ಎಮ್ಮೆಗೆ ಕೈ ಎತ್ತಬಾರದು. ಕೆರೆ-ದಡ ಆಟವೂ ಅಂಥದ್ದೇ. ಮಗನ ಜೊತೆ ಆಡಿ. ಆಟ ಆಡಿದ ಮಾತ್ರಕ್ಕೆ ಅಜ್ಜನ ಮನಸ್ಸು ಅರ್ಥವಾಗಿಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಅವನಿಗೆ ತಡೆದುಕೊಳ್ಳುವುದು ಎಷ್ಟು ಕಷ್ಟ ಅಂತ ನಿಮಗೆ ಅರ್ಥವಾಗುತ್ತದೆ. ಮೂರನೇ ಸಲ ಎಮ್ಮೆಗೆ ಕೈ ಎತ್ತಿದಾಗ ಅವನ ಮುಖ ನೋಡಿ.

ಮನೆಯಲ್ಲೇ ಮಾಡಬಹುದಾದ ಇನ್ನೊಂದಿದೆ. ನಿಮ್ಮ ಮನೆಯಲ್ಲೂ ಬಿಸ್ಕತ್ತಿನ ಹಳೇ ಡಬ್ಬದಲ್ಲಿ ಸೂಜಿ-ದಾರ, ಗುಂಡಿ ಇಟ್ಟಿರುತ್ತೀರಿ. ಅದನ್ನು ಮಗನಿಗೆ ತೆರೆದು ತೋರಿಸಿ, ಮುಚ್ಚಿ. "ಪಕ್ಕದ ಮನೆ ಅಣ್ಣ ಬಂದು ಈ ಡಬ್ಬ ನೋಡಿದರೆ ಒಳಗೆ ಏನಿದೆ ಅಂದುಕೊಳ್ತಾನೆ?" ಅಂತ ಕೇಳಿ. "ತೆರೆಯೋ ಮುಂಚೆ ಅವನಿಗೆ ಹೇಗನ್ನಿಸುತ್ತೆ? ತೆರೆದ ಮೇಲೆ?" ತಪ್ಪು ಹೇಳಿದರೆ ತಿದ್ದಬೇಡಿ. ಆ ಹುಡುಗನನ್ನು ಕರೆದು ನಿಜವಾಗಿ ತೆರೆಸಿ. ಇಬ್ಬರೂ ಅವನ ಮುಖ ನೋಡಿ. ಕಾಗೆ-ನರಿ ಕಥೆ ಹೇಳುವಾಗ ನರಿ ಹೊಗಳಿದ ಕಡೆ ನಿಲ್ಲಿಸಿ. ಕಾಗೆಗೆ ಯಾಕೆ ಖುಷಿಯಾಯಿತು? ನರಿಯ ಮನಸ್ಸಿನಲ್ಲಿ ಏನಿದೆ ಅಂತ ಅದಕ್ಕೆ ಗೊತ್ತಾ? ನಾವು ಸುಮ್ನೆ ಕೊನೆಗೆ ಓಡಿ "ಹೊಗಳಿಕೆಗೆ ಮರುಳಾಗಬಾರದು" ಅಂದುಬಿಡುತ್ತೇವೆ. ಕಾಗೆ ಬಾಯಿ ತೆರೆಯುವ ಮೊದಲಿನ ಆ ಒಂದು ನಿಮಿಷದಲ್ಲೇ ಮಗುವಿಗೆ ಬೇಕಾದದ್ದು ಇರುವುದು.

ಇನ್ನು ಮಾತು. ಕನ್ನಡದಲ್ಲಿ ನಾವು "ಬೇಜಾರು" ಅನ್ನುವ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸುತ್ತೇವೆ. ಹೊತ್ತು ಹೋಗದಿದ್ದರೂ ಬೇಜಾರು, ಅವಮಾನವಾದರೂ ಬೇಜಾರು, ಯಾರೋ ಸತ್ತರೂ ಬೇಜಾರು. ಮಗುವಿಗೆ ಬೇರೆ ಬೇರೆ ಪದ ಕೊಡಿ. ನಿರಾಸೆ, ಮುಜುಗರ, ಗಾಬರಿ, ಹೊಟ್ಟೆಕಿಚ್ಚು. ಸಿಟ್ಟು ಬೇರೆ, ಮುನಿಸು ಬೇರೆ ಅಂತ ಹೇಳಿ. ಮುನಿಸು ನಮ್ಮವರ ಮೇಲೆ ಮಾತ್ರ ಬರುತ್ತದೆ, ಅವರು ಬಂದು ರಮಿಸಲಿ ಅನ್ನುವ ಆಸೆ ಅದರೊಳಗೇ ಇರುತ್ತದೆ. ಐದು ವರ್ಷದ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಹೇಳಿ ನೋಡಿ. ನುಡಿ ಚೆನ್ನಾಗಿ ಬೆಳೆದ ಮಕ್ಕಳಲ್ಲಿ ಭಾವನೆಯ ತಿಳಿವಳಿಕೆಯೂ ಚೆನ್ನಾಗಿರುತ್ತದೆ ಅಂತ ಹಲವು ಅಧ್ಯಯನಗಳು ಹೇಳಿವೆ.

ಹಾಗೆಯೇ ಮಗು ಬಿದ್ದಾಗ ನೆಲಕ್ಕೆ ಹೊಡೆದು "ನೆಲಾನೇ ಹೊಡೆದೆ, ಅಳಬೇಡ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ರೀತಿಯಿಂದಲೇ ಹೇಳುತ್ತೇವೆ, ನಿಜ. ಆದರೆ ತನಗೆ ಯಾಕೆ ನೋವಾಯಿತು ಅಂತ ಯೋಚಿಸಲು ಸಿಕ್ಕ ಅವಕಾಶ ಅಲ್ಲಿ ಕೈತಪ್ಪುತ್ತದೆ. "ಓಡುವಾಗ ಕಾಲು ಎಡವಿತು, ಗಾಬರಿ ಆಯಿತು ಅಲ್ವಾ?" ಅಂದರೆ ಸಾಕು.

ಯಾವಾಗ ಚಿಂತೆ ಮಾಡಬೇಕು ಅಂತಲೂ ಹೇಳಿಬಿಡುತ್ತೇನೆ, ಬೇರೆ ತಾಯಂದಿರಿಗೂ ಬೇಕಾಗುತ್ತದೆ. ಎರಡು ವರ್ಷ ತುಂಬಿದರೂ ಮಗು ಎರಡು ಪದ ಸೇರಿಸಿ ಮಾತಾಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ತಡ ಮಾಡಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಎಲ್ಲರಿಗೂ ಕಿವಿ ಕೇಳಿ, ಮಗುವಿಗೆ ಮಾತ್ರ ಕೇಳದಿದ್ದರೆ, ಚಾಕೊಲೇಟಿನ ಕಥೆಯಂಥ ಪ್ರಶ್ನೆ ಅಂಥ ಮಗುವಿಗೆ ತುಂಬಾ ತಡವಾಗಿ ಅರ್ಥವಾಗುತ್ತದೆ. ಕಿವುಡಿದ್ದರೂ, ಸನ್ನೆ ಭಾಷೆ ಆಡುವ ತಂದೆತಾಯಿಗೇ ಹುಟ್ಟಿದ ಮಕ್ಕಳಿಗೆ ಆ ತಡ ಇಲ್ಲ. ಇನ್ನೊಬ್ಬರ ಮನಸ್ಸಿನ ಬಗ್ಗೆ ಮಾತಾಡುವವರು ಸುತ್ತ ಇರಬೇಕು, ಅದು ಬಾಯಿಯ ಮಾತೋ ಕೈಯ ಮಾತೋ ಆಗಿರಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳನ್ನು ನೋಡುತ್ತಾರೆ. ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮಗನಿಗೆ ಇದ್ಯಾವುದೂ ಬೇಕಾಗಿಲ್ಲ ಅನ್ನಿಸುತ್ತದೆ.

ಒಂದು ಕೋರಿಕೆ. ಗದಗದ ಅಜ್ಜಿ ಮುಂದೆ ಯಾವಾಗಲೋ ಬಂದೇ ಬರುತ್ತಾರಲ್ಲ, ಆಗ ಆ ದಿನದ ಕಥೆಯನ್ನು ಅವರ ಎದುರು ಮಗನಿಂದಲೇ ಹೇಳಿಸಿ. "ಆಗ ಅಜ್ಜ ಯಾಕೆ ನಗ್ತಾ ಇದ್ದರು?" ಅಂತ ಕೇಳಿ. ಅವನು ಕೊಟ್ಟ ಉತ್ತರವನ್ನು ನನಗೆ ಬರೆದು ಕಳಿಸಿ.

ಪ್ರಶ್ನೆ: ನಮ್ಮ ಮಗಳಿಗೆ ಏಳು ವರ್ಷ. ಒಂದು ತರಬೇತಿ ಕೇಂದ್ರದವರು ಅಬ್ಯಾಕಸ್ ಕಲಿತರೆ ಮೆದುಳು ಚುರುಕಾಗಿ ಭಾವನೆಗಳನ್ನು ಅರ್ಥ ಮಾಡಿಕೊಳ್ಳುವ ಶಕ್ತಿಯೂ ಬೆಳೆಯುತ್ತದೆ ಅನ್ನುತ್ತಾರೆ. ವರ್ಷಕ್ಕೆ 18 ಸಾವಿರ ರೂಪಾಯಿ. ಸೇರಿಸಬಹುದೇ?
ಒಬ್ಬ ತಂದೆ, ಬೆಂಗಳೂರು

ಉತ್ತರ: ಮಗಳಿಗೆ ಮಣಿ ಎಣಿಸಿ ಲೆಕ್ಕ ಮಾಡುವುದು ಇಷ್ಟವಾದರೆ ಸೇರಿಸಿ. ಲೆಕ್ಕ ಕಲಿಯುತ್ತಾಳೆ. ಭಾವನೆಯ ಆಸೆಗೆ ಅಂತ 18 ಸಾವಿರ ಕೊಡಬೇಡಿ.

ಜೂಡಿ ಡನ್ ಮತ್ತು ಜೊತೆಯವರ ಒಂದು ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಅವರು ಐವತ್ತು ಮಕ್ಕಳ ಮನೆಗಳಿಗೆ ಹೋಗಿ ಕೂತು ಮನೆಮಾತು ಕೇಳಿಸಿಕೊಂಡರು. ಮಕ್ಕಳಿಗೆ ಆಗ ಎರಡು ವರ್ಷ ಒಂಬತ್ತು ತಿಂಗಳು. ಯಾರ ಮನೆಯಲ್ಲಿ ಭಾವನೆಗಳ ಬಗ್ಗೆ, ಅವು ಯಾಕೆ ಬಂದವು ಅನ್ನುವುದರ ಬಗ್ಗೆ ಜಾಸ್ತಿ ಮಾತು ನಡೆಯುತ್ತಿತ್ತೋ, ಆ ಮಕ್ಕಳು ಏಳು ತಿಂಗಳ ನಂತರ ಇನ್ನೊಬ್ಬರ ಮನಸ್ಸನ್ನು ಊಹಿಸುವುದರಲ್ಲಿ ಮುಂದಿದ್ದರು. ಸಂಜೆ ನೀವು ಕೆಲಸದಿಂದ ಬಂದಾಗ "ಇವತ್ತು ಶಾಲೆಯಲ್ಲಿ ಏನು ಕಲಿಸಿದರು?" ಅಂತ ಕೇಳುತ್ತೀರಲ್ಲ, ಅದರ ಜೊತೆ "ಇವತ್ತು ಯಾರು ಅತ್ತರು? ಯಾಕಂತೆ?" ಅಂತಲೂ ಕೇಳಿ. ನಿಮಗೆ ಆ ದಿನ ಆಫೀಸಿನಲ್ಲಿ ಮುಜುಗರವಾಗಿದ್ದರೆ ಅದನ್ನೂ ಹೇಳಿಕೊಳ್ಳಿ. ಅಪ್ಪಂದಿರು ಇದನ್ನು ಹೇಳುವುದೇ ಇಲ್ಲ. "ಅಳೋ ಗಂಡಸನ್ನು ನಂಬಬೇಡ" ಅನ್ನುವ ಗಾದೆ ಕೇಳುತ್ತಲೇ ಬೆಳೆದವರು ನೀವು. ಆ ಗಾದೆ ನಿಮ್ಮ ಮಗಳ ತನಕ ಹೋಗುವುದು ಬೇಡ.

ಪ್ರಶ್ನೆ: ನಾನು ಹೊಸಪೇಟೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ನಾಲ್ಕನೇ ತರಗತಿಯ ಒಬ್ಬ ಹುಡುಗಿಗೆ ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವುದರಲ್ಲಿ ಮೊದಲ ಬಹುಮಾನ ಬಂತು. ಅವಳ ಜೊತೆಯಲ್ಲೇ ಅಭ್ಯಾಸ ಮಾಡಿದ್ದ ಆಪ್ತ ಗೆಳತಿಗೆ ಏನೂ ಬರಲಿಲ್ಲ. ಇವಳು ಬಹುಮಾನ ಹಿಡಿದುಕೊಂಡು ಅಳತೊಡಗಿದಳು. "ಖುಷೀನೂ ಆಗ್ತಿದೆ, ಅಳೂನೂ ಬರ್ತಿದೆ, ನಂಗೇನಾಗಿದೆ ಟೀಚರ್?" ಅಂತ ಕೇಳಿದಳು. ತರಗತಿಯ ಮಕ್ಕಳು "ನಾಟಕ ಮಾಡ್ತಾಳೆ" ಅಂತ ಹಂಗಿಸುತ್ತಿದ್ದಾರೆ. ಏನು ಹೇಳಲಿ?

ಉತ್ತರ: ಆ ಹುಡುಗಿಯ ಪ್ರಶ್ನೆ ಓದಿ ನನಗೆ ತುಂಬಾ ಸಂತೋಷವಾಯಿತು. ಎರಡು ವಿರುದ್ಧ ಭಾವನೆ ಒಂದೇ ಸಲ ಒಬ್ಬರಲ್ಲೇ ಇರಬಹುದು ಅಂತ ಕಂಡುಕೊಳ್ಳುವುದು ದೊಡ್ಡ ಮೆಟ್ಟಿಲು. ಫ್ರಾನ್ಸಿಸ್ಕೊ ಪೋನ್ಸ್, ಪಾಲ್ ಹ್ಯಾರಿಸ್ ಮತ್ತು ಮಾರ್ಕ್ ಡಿ ರೋಸ್ನೆ 2004ರಲ್ಲಿ 3ರಿಂದ 11 ವರ್ಷದ ಮಕ್ಕಳ ಜೊತೆ ಈ ಮೆಟ್ಟಿಲುಗಳನ್ನು ನೋಡಿದರು. ಮುಖ ನೋಡಿ ಭಾವನೆ ಗುರುತಿಸುವುದು ಕೆಳಗಿನ ಮೆಟ್ಟಿಲು, ಐದರ ಹೊತ್ತಿಗೆ ಬರುತ್ತದೆ. ನಂಬಿಕೆಯಿಂದ ಭಾವನೆ ಹುಟ್ಟುತ್ತದೆ, ಒಳಗೊಂದು ಇದ್ದು ಹೊರಗೊಂದು ತೋರಿಸಬಹುದು ಅನ್ನುವುದೆಲ್ಲ ಏಳರ ಆಸುಪಾಸಿಗೆ. ಎರಡು ಭಾವನೆ ಒಟ್ಟಿಗೆ ಇರಬಹುದು ಅನ್ನುವುದು ಒಂಬತ್ತು, ಹನ್ನೊಂದರ ಹೊತ್ತಿಗೆ. ನಿಮ್ಮ ಹುಡುಗಿ ಮೇಲಿನ ಮೆಟ್ಟಿಲಲ್ಲಿದ್ದಾಳೆ. ಹಂಗಿಸುವ ಮಕ್ಕಳಲ್ಲಿ ಕೆಲವರು ಇನ್ನೂ ಒಂದು ಮೆಟ್ಟಿಲು ಕೆಳಗಿದ್ದಾರೆ. ಹಾಗಾಗಿ ಅಳು-ನಗು ಒಟ್ಟಿಗೆ ಕಂಡರೆ ಅವರಿಗೆ ಒಂದು ಸುಳ್ಳು ಅಂತಲೇ ಅನ್ನಿಸುತ್ತದೆ.

ಅವರನ್ನು ಬೈಯಬೇಡಿ. ಮದುವೆಯಲ್ಲಿ ಹೆಣ್ಣು ಒಪ್ಪಿಸುವುದನ್ನು ಯಾರು ಯಾರು ನೋಡಿದ್ದೀರಿ ಅಂತ ಕೇಳಿ. ಎಲ್ಲರೂ ಕೈ ಎತ್ತುತ್ತಾರೆ. ಮದುಮಗಳ ಅಮ್ಮ ಅಳುತ್ತಿದ್ದರಾ? ಅವರಿಗೆ ಮದುವೆ ಇಷ್ಟವಿರಲಿಲ್ಲವಾ? ಇಷ್ಟವಿದ್ದರೆ ಯಾಕೆ ಅತ್ತರು? ಅಷ್ಟು ಕೇಳಿ ಸುಮ್ಮನಿರಿ, ಮಕ್ಕಳೇ ಮಾತಾಡಲಿ. "ನಾಟಕ" ಅಂದವರ ಬಾಯಲ್ಲೇ ಉತ್ತರ ಬಂದರೆ ಅದರ ತೂಕವೇ ಬೇರೆ. ಆಮೇಲೆ ಬಹುಮಾನದ ಹುಡುಗಿಗೆ ಒಬ್ಬಳೇ ಇದ್ದಾಗ ಹೇಳಿ: ಖುಷಿ ನಿನ್ನ ಕಥೆಗೆ, ಅಳು ನಿನ್ನ ಗೆಳತಿಗೆ, ಎರಡೂ ನಿನ್ನವೇ.

ಎಲ್ಲರ ಮುಂದೆ ಇಬ್ಬರನ್ನೂ ನಿಲ್ಲಿಸಿ "ತಬ್ಬಿಕೊಳ್ಳಿ" ಅನ್ನುವುದು ಮಾತ್ರ ಬೇಡ. ನಮ್ಮ ಹೆಣ್ಣುಮಕ್ಕಳು ದೊಡ್ಡವರ ಮುಂದೆ ಬೇಸರ ಮುಚ್ಚಿಟ್ಟು ನಗುವುದನ್ನು ತುಂಬಾ ಬೇಗ ಕಲಿಯುತ್ತಾರೆ. ಭಾರತದ ಮತ್ತು ಇಂಗ್ಲೆಂಡಿನ ಮಕ್ಕಳನ್ನು ಹೋಲಿಸಿದ 1994ರ ಒಂದು ಅಧ್ಯಯನದಲ್ಲಿ ನಾಲ್ಕು ವರ್ಷದ ನಮ್ಮ ಹುಡುಗಿಯರಲ್ಲೇ ಇದು ಕಂಡಿತ್ತು. ನೀವು ತಬ್ಬಿಕೋ ಅಂದರೆ ಆ ಗೆಳತಿ ನಗುತ್ತಾ ತಬ್ಬಿಕೊಳ್ಳುತ್ತಾಳೆ. ನಿಮಗೆ ಎಲ್ಲ ಸರಿಹೋಯಿತು ಅನ್ನಿಸುತ್ತದೆ.

ಅವಳೂ ಅಷ್ಟೇ ದಿನ ಅಭ್ಯಾಸ ಮಾಡಿದ್ದಳಲ್ಲ. ನಿಮ್ಮ ಪತ್ರದಲ್ಲಿ ಅವಳ ಬಗ್ಗೆ ಒಂದೇ ಸಾಲು ಇದೆ. ನಾಳೆ ಊಟದ ಹೊತ್ತಿನಲ್ಲಿ ಅವಳ ಪಕ್ಕ ಕೂತು, ಅವಳು ಯಾವ ಕಥೆ ಹೇಳಿದ್ದಳು ಅಂತ ಕೇಳಿ.